ಏಣಿ ಹಿಡಿದವಳು

ರೋಸೆಟ್ ಮಾರುವ ಹುರಿದ ಕೋಳಿಯನ್ನು ತಿನ್ನದವರು ಎಲ್ಸ್‌ಬೇಕ್ ಊರಿನಲ್ಲಿ ಇಬ್ಬರೇ. ಒಬ್ಬರು ಹಲ್ಲು ಕಟ್ಟಿಸಿಕೊಳ್ಳಲು ಒಲ್ಲದ ಮುದಿ ಪಾದ್ರಿ. ಇನ್ನೊಬ್ಬಳು ಸ್ವತಃ ರೋಸೆಟ್. ಮೂವತ್ತೊಂದು ವರ್ಷ ಕೋಳಿಕೊಬ್ಬಿನ ಹೊಗೆಯಲ್ಲೇ ಉಸಿರಾಡಿದವಳಿಗೆ ಅದನ್ನು ಬಾಯಿಗಿಡುವ ಮನಸ್ಸಾದರೂ ಹೇಗೆ ಬಂದೀತು? ಮನೆಗೆ ಹೋದರೆ ಅವಳಿಗೆ ಎರಡು ತುಂಡು ಬ್ರೆಡ್ಡು, ಒಂದಿಷ್ಟು ಚೀಸು, ಒಂದು ಗ್ಲಾಸು ಬಿಯರು ಸಾಕು.

ವಾರಕ್ಕೆ ನಾಲ್ಕು ಊರಿನ ಸಂತೆ ಅವಳದು. ಹಳದಿ ವ್ಯಾನಿನ ಪಕ್ಕದ ಬಾಗಿಲನ್ನು ಮೇಲಕ್ಕೆತ್ತಿ ನಿಲ್ಲಿಸಿದರೆ ಒಳಗೆ ಸಲಾಕೆಗಳಲ್ಲಿ ಸಾಲು ಸಾಲು ಕೋಳಿಗಳು ತಿರುಗುತ್ತಿರುತ್ತವೆ. ಕೆಳಗಿನ ತಟ್ಟೆಯಲ್ಲಿ ಪುಟ್ಟ ಆಲೂಗಡ್ಡೆಗಳು ಆ ಕೊಬ್ಬಿನಲ್ಲೇ ಬೇಯುತ್ತಿರುತ್ತವೆ. ಅರುವತ್ತರ ರೋಸೆಟ್ ಬಿಳಿ ಏಪ್ರನ್ ಕಟ್ಟಿ, ಕೈಯಲ್ಲಿ ದೊಡ್ಡ ಕತ್ತರಿ ಹಿಡಿದು, ಎದುರು ಬಂದವರನ್ನೆಲ್ಲ "ಚಿನ್ನ" ಎಂದು ಕರೆಯುತ್ತಾಳೆ. ಮೇಯರನೂ ಚಿನ್ನವೇ, ದಂಡ ಹಾಕಲು ಬಂದ ಪೊಲೀಸನೂ ಚಿನ್ನವೇ.

"ಅರ್ಧ ಕೋಳಿ ಸಾಕಾ ಚಿನ್ನ? ಮನೇಲಿ ಗಂಡ ಇನ್ನೂ ಇದ್ದಾನೆ ತಾನೆ?"

"ಇದ್ದಾನೆ ರೋಸೆಟ್. ಡಯಟ್ ಮಾಡ್ತಿದ್ದಾನೆ."

"ಹಾಗಾದ್ರೆ ಒಂದೂವರೆ ತಗೊಂಡು ಹೋಗು. ಡಯಟ್ ಮಾಡೋರು ಅಡುಗೆಮನೇಲಿ ನಿಂತ್ಕೊಂಡು ಕದ್ದು ತಿಂತಾರೆ."

ಅವಳಿಗೂ ಒಬ್ಬ ಗಂಡನಿದ್ದ. ಕೋಳಿವಾಸನೆ ತಡೆಯಲಾರದೆ ಬಿಟ್ಟುಹೋದ ಎಂದು ಅವಳೇ ನಗುತ್ತ ಹೇಳುತ್ತಾಳೆ. ಹಾಗೆ ಹೋದವನು ಮುಂದೆ ಕಟ್ಟಿಕೊಂಡದ್ದು ಮೀನು ಮಾರುವವಳನ್ನು. ಈ ಸಂಗತಿಯನ್ನು ಹೇಳುವಾಗ ರೋಸೆಟ್‌ಗೆ ಇವತ್ತಿಗೂ ಎಲ್ಲಿಲ್ಲದ ಖುಷಿ.

ಬಾಯಲ್ಲಿ ಇಷ್ಟು ಬೆಲ್ಲ ಇದ್ದರೂ ಯಾರ ಮಾತನ್ನೂ ಸುಲಭಕ್ಕೆ ನಂಬುವ ಹೆಂಗಸಲ್ಲ ಅವಳು. ಅದು ಅವಳಿಗೆ ತವರಿನಿಂದ ಬಂದ ಬಳುವಳಿ. ಅಪ್ಪ ವಾರವಿಡೀ ಕಲ್ಲಿದ್ದಲು ಗಣಿಯಲ್ಲಿ ದುಡಿದು ಭಾನುವಾರ ಪಂದ್ಯದ ಪಾರಿವಾಳ ಹಾರಿಸಿದವನು. ಪಾರಿವಾಳದವರಷ್ಟು ಅನುಮಾನದ ಜನ ಭೂಮಿಯ ಮೇಲೆ ಇನ್ನೊಬ್ಬರಿಲ್ಲ. ಹಕ್ಕಿಗಳನ್ನು ಲಾರಿಯಲ್ಲಿ ಫ್ರಾನ್ಸಿಗೆ ಒಯ್ದು ಬಿಡುತ್ತಾರೆ. ತನ್ನ ಗೂಡಿಗೆ ಯಾವುದು ಬೇಗ ಮರಳಿತು ಎನ್ನುವುದೇ ಪಂದ್ಯ. ಹೊರಡುವ ಮೊದಲು ಹಕ್ಕಿಯ ಕಾಲಿಗೆ ರಬ್ಬರ್ ಉಂಗುರ ಹಾಕಬೇಕಲ್ಲ, ಅದನ್ನು ಅದರ ಒಡೆಯ ಹಾಕುವಂತಿಲ್ಲ, ಎದುರಾಳಿ ಹಾಕಬೇಕು. ಉಂಗುರದ ಒಳಮೈಯಲ್ಲಿ ಒಂದು ಗುಟ್ಟಿನ ಸಂಖ್ಯೆ ಇರುತ್ತದೆ, ಅದು ಒಡೆಯನ ಕಣ್ಣಿಗೆ ಬೀಳಬಾರದು. ಹಕ್ಕಿ ಬಂದ ಹೊತ್ತನ್ನು ಅಚ್ಚೊತ್ತಲೆಂದು ಮನೆಗೆ ಒಯ್ಯುವ ಗಡಿಯಾರದ ಪೆಟ್ಟಿಗೆಗೆ ಸೀಸದ ಮುದ್ರೆ ಒತ್ತುವವನು ಒಬ್ಬ ಎದುರಾಳಿ, ಸಂಜೆ ಆ ಮುದ್ರೆ ಒಡೆಯುವವನು ಇನ್ನೊಬ್ಬ ಎದುರಾಳಿ. ಎಲ್ಲರೂ ಒಂದೇ ಬೀದಿಯವರು, ಒಂದೇ ಗಣಿಯಲ್ಲಿ ಬೆವರು ಸುರಿಸಿದವರು, ಒಬ್ಬರ ಶವಪೆಟ್ಟಿಗೆಗೆ ಒಬ್ಬರು ಹೆಗಲು ಕೊಟ್ಟವರು. ಹಾಗಂತ ಗಡಿಯಾರದ ಮುಂದೆ "ನನ್ನ ಮೇಲೆ ನಂಬಿಕೆ ಇಲ್ಲವಾ" ಎಂದು ಕೇಳಿದರೆ ಇಡೀ ಕ್ಲಬ್ಬು ಬಿದ್ದು ಬಿದ್ದು ನಗುತ್ತದೆ. ತನ್ನ ಹಕ್ಕಿಗೆ ತಾನೇ ಉಂಗುರ ತೊಡಿಸಬಾರದು, ಅಷ್ಟೇ.

ಅಪ್ಪನ ನಂತರ ಗೂಡು ರೋಸೆಟ್‌ಳ ತಮ್ಮ ಗೀದೋನ ಪಾಲಿಗೆ ಬಂತು. ಮದುವೆಯ ಗೊಡವೆಗೆ ಹೋಗದ, ಹೆಚ್ಚು ಮಾತಿಲ್ಲದ ಗಂಡಸು. ತಾಯಿ ಪೌಲಿನಾಳ ಜೊತೆಗೇ ಇದ್ದ. ಪ್ರತಿ ಭಾನುವಾರ ಪಂದ್ಯದ ಹೊತ್ತಿಗೆ ಅಕ್ಕ ಬಂದು ಜೊತೆಗೆ ನಿಲ್ಲಬೇಕು, ಆಮೇಲೆ ಮೂವರೂ ಸೇರಿ ಊಟ. ಹದಿನಾಲ್ಕು ವರ್ಷದ ಹಿಂದಿನ ಜುಲೈ ತಿಂಗಳ ಭಾನುವಾರವೂ ಹಾಗೇ ಆಯಿತು. ಫ್ರಾನ್ಸಿನ ಓರ್ಲೆಯಾಂನಿಂದ ಹೊರಟ ಹಕ್ಕಿ ಮಧ್ಯಾಹ್ನ ಹನ್ನೆರಡೂ ಕಾಲಿಗೆ ಬಂತು. ಬಂದದ್ದು ಒಳಗೆ ಹೋಗಬೇಡವೇ? ಗೂಡಿನ ಮಾಡಿನ ತುದಿಯಲ್ಲಿ ಕುಳಿತು ಗರಿ ತಿದ್ದಿಕೊಳ್ಳತೊಡಗಿತು. ಹಕ್ಕಿ ಒಳಗೆ ಹೋಗಿ, ಕಾಲಿನ ಉಂಗುರ ಬಿಚ್ಚಿ ಗಡಿಯಾರಕ್ಕೆ ಹಾಕಿ ಕೀಲಿ ತಿರುಗಿಸಿದರೆ ಮಾತ್ರ ಲೆಕ್ಕ. ಅಲ್ಲಿಯವರೆಗೆ ಅದು ಮಾಡಿನ ಮೇಲೆ ಕುಳಿತ ಯಾವುದೋ ಒಂದು ಹಕ್ಕಿ.

ಗೀದೋ ಏಣಿ ಹಾಕಿ ಹತ್ತಿದ. "ಹಿಡ್ಕೋ, ಬಿಡಬೇಡ," ಎಂದ. ರೋಸೆಟ್ ಹಿಡಿದಳು. ಅವನು ಮೇಲಿನಿಂದ ಕೈ ಬೀಸಿದ, ಹಕ್ಕಿ ಪಟಪಟನೆ ಎದ್ದು ನೇರ ಗೂಡಿನೊಳಗೆ ಇಳಿಯಿತು. ರೋಸೆಟ್ ಒಂದು ಕ್ಷಣವೂ ಯೋಚಿಸಲಿಲ್ಲ. ಏಣಿ ಬಿಟ್ಟು ಒಳಗೆ ಓಡಿದಳು, ಹಕ್ಕಿ ಹಿಡಿದಳು, ಉಂಗುರ ಬಿಚ್ಚಿದಳು, ಗಡಿಯಾರಕ್ಕೆ ಹಾಕಿ ಕೀಲಿ ತಿರುಗಿಸಿದಳು. ಆಗ ಹೊರಗೆ ಸದ್ದಾಯಿತು.

ಆ ಹಕ್ಕಿಗೆ ಕ್ಲಬ್ಬಿನಲ್ಲಿ ಮೂರನೆಯ ಬಹುಮಾನ ಬಂತು. ಬಹುಮಾನವೆಂದರೆ ಒಂದು ಇಡೀ ಹಂದಿತೊಡೆಯ ಹ್ಯಾಮ್. ಕ್ಲಬ್ಬಿನವರು ಅದನ್ನು ಆಸ್ಪತ್ರೆಗೇ ತಂದುಕೊಟ್ಟರು. ಏನು ಮಾಡಬೇಕೋ ತಿಳಿಯದೆ ರೋಸೆಟ್ ಅದನ್ನು ಮಡಿಲಲ್ಲಿಟ್ಟುಕೊಂಡು ಮೂರು ಗಂಟೆ ಆಪರೇಷನ್ ಕೋಣೆಯ ಹೊರಗೆ ಕುಳಿತಿದ್ದಳು.

ಕೇಳಿದವರಿಗೆಲ್ಲ ಅವಳು ಹೇಳಿದ್ದು ಒಂದೇ ಕಥೆ: ನೆಲ ಒದ್ದೆಯಾಗಿತ್ತು, ಏಣಿಯ ಕಾಲು ಜಾರಿತು, ನಾನು ಕೊನೆಯವರೆಗೂ ಹಿಡಿದೇ ಇದ್ದೆ, ಆಗಲಿಲ್ಲ. ಮೊದಲ ಸಲ ಈ ಮಾತು ತಾನಾಗಿಯೇ ಬಾಯಿಂದ ಜಾರಿತ್ತು. ಎರಡನೆಯ ಸಲ ಹೇಳುವ ಹೊತ್ತಿಗೆ ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ಅಲ್ಲಿಂದ ಮುಂದೆ ಅದು ಬಿಸಿ ತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಅವಳ ಲೆಕ್ಕದಲ್ಲಿ ನಿಜ ಗೊತ್ತಿದ್ದದ್ದು ಇಬ್ಬರಿಗೇ. ಒಬ್ಬಳು ರೋಸೆಟ್, ಇನ್ನೊಬ್ಬ ಮತ್ತೆಂದೂ ಬಾಯಿ ತೆರೆಯದ ಗೀದೋ.

ಗೀದೋ ಸಾಯಲಿಲ್ಲ. ತಾನೇ ಉಸಿರಾಡುತ್ತಿದ್ದ, ಬೆಳಗಾದರೆ ಕಣ್ಣು ಬಿಡುತ್ತಿದ್ದ, ಹೊಟ್ಟೆಗೆ ಹಾಕಿದ ಕೊಳವೆಯಲ್ಲಿ ಊಟ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ. ಊರಾಚೆಯ ಆರೈಕೆ ಮನೆಯಲ್ಲಿ ಅವನಿಗೊಂದು ಕೋಣೆ. ತಾಯಿ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು, ರೋಸೆಟ್ ಬುಧವಾರ ಮತ್ತು ಭಾನುವಾರ. "ಒಳಗೆ ಎಷ್ಟು ಇದೆಯೋ ಹೇಳೋಕಾಗಲ್ಲ" ಎಂದಿದ್ದರು ದೊಡ್ಡ ಡಾಕ್ಟರು. ಅಷ್ಟು ಓದಿದವರ ಬಾಯಿಂದ ಇಷ್ಟು ಚಿಕ್ಕ ಮಾತು ಕೇಳಿ ರೋಸೆಟ್‌ಗೆ ಆಗ ಸಿಟ್ಟು ಬಂದಿತ್ತು. ಆಮೇಲಾಮೇಲೆ ಅದೇ ಅವಳಿಗೆ ಕೇಳಿದ ಮಾತುಗಳಲ್ಲೆಲ್ಲ ಪ್ರಾಮಾಣಿಕವಾದ ಮಾತು ಎನಿಸಿತು.

ಈ ವರ್ಷದ ವಸಂತದಲ್ಲಿ ಆ ಆರೈಕೆ ಮನೆಗೆ ಕಾರೀನ್ ಬಂದಳು. ನಲವತ್ತರ ಆಸುಪಾಸು, ಕುತ್ತಿಗೆಗೆ ದೊಡ್ಡ ಉಣ್ಣೆಯ ಶಾಲು, ಮೆಲುದನಿ. ಮಾತು ಕಳೆದುಕೊಂಡವರಿಂದ ಮಾತು ಬರೆಸುವುದು ಅವಳ ಕೆಲಸ. ಗಾಲಿಕುರ್ಚಿಗೆ ಅಕ್ಷರಗಳಿರುವ ಕಂಪ್ಯೂಟರ್ ಪರದೆಯೊಂದನ್ನು ಸಿಕ್ಕಿಸಿ, ಗೀದೋನ ಬಲಗೈಯನ್ನು ತನ್ನ ಅಂಗೈಯಲ್ಲಿ ಎತ್ತಿ ಹಿಡಿಯುತ್ತಿದ್ದಳು. ಅವನ ಬೆರಳು ಯಾವ ಕಡೆ ಎಳೆಯುತ್ತದೋ ಆ ಕಡೆ ತಾನು ಬರೀ ಆಸರೆ ಕೊಡುತ್ತೇನೆ ಎನ್ನುತ್ತಿದ್ದಳು. ಬೆರಳು ಅಕ್ಷರ ಮುಟ್ಟಿದಂತೆ ಪರದೆಯ ಮೇಲೆ ಸಾಲು ಮೂಡುತ್ತಿತ್ತು. ಮೊಟ್ಟಮೊದಲು ಮೂಡಿದ ಸಾಲು: "ಮಾ, ನಾನು ಇಷ್ಟು ದಿನವೂ ಇಲ್ಲೇ ಇದ್ದೆ."

ಪೌಲಿನಾ ಮಗನ ಎದೆಯ ಮೇಲೆ ಬಿದ್ದು ಅತ್ತಳು. ರೋಸೆಟ್ ಗೋಡೆಗೆ ಒರಗಿಕೊಂಡು ಅತ್ತಳು. ಆ ಶನಿವಾರದ ಸಂತೆಯಲ್ಲಿ ಕೋಳಿ ಕೊಂಡವರಿಗೆಲ್ಲ ಆಲೂಗಡ್ಡೆ ಪುಕ್ಕಟೆ. "ನನ್ನ ತಮ್ಮ ಮಾತಾಡಿದ ಚಿನ್ನ! ನನ್ನ ತಮ್ಮ ಮಾತಾಡಿದ!" ಎಂದು ಕತ್ತರಿ ಆಡಿಸುತ್ತ ಕೂಗುತ್ತಿದ್ದಳು. ಅನುಮಾನದ ಮನೆತನದವಳು ಹೀಗೆ ಹಳ್ಳಕ್ಕೆ ಬಿದ್ದಳಲ್ಲ ಎಂದು ಯಾರಾದರೂ ನಕ್ಕರೆ ಅವರಿಗೆ ಅಕ್ಕತಮ್ಮಂದಿರಿಲ್ಲ ಎಂದೇ ಅರ್ಥ.

ಮೂರು ವಾರ ಹೋಯಿತು. ಹಳೆಯ ಚಾಳಿ ಮೆಲ್ಲಗೆ ತಲೆಯೆತ್ತಿತು. ಗೀದೋನ ಕಣ್ಣು ಚಾವಣಿ ನೋಡುತ್ತಿರುವಾಗಲೂ ಬೆರಳು ಪಟಪಟ ಅಕ್ಷರ ಹೆಕ್ಕುತ್ತಿತ್ತು. ಒಮ್ಮೊಮ್ಮೆ ಅವನು ಕಣ್ಣು ಮುಚ್ಚಿ ಗೊರಕೆ ಹೊಡೆಯುವಾಗಲೂ! ಮೂವತ್ತೊಂದು ವರ್ಷ ಕೋಳಿ ಕತ್ತರಿಸಿದ ತನಗೇ ನೋಡದೆ ಕತ್ತರಿಸಲು ಬರುವುದಿಲ್ಲ, ಇವನಿಗೆ ನೋಡದೆ ಬರೆಯಲು ಹೇಗೆ ಬರುತ್ತದೆ ಎಂದುಕೊಂಡಳು. ಇನ್ನೊಂದು ದಿನ ಪರದೆ ಬರೆಯಿತು: "ನನ್ನ ಮುದ್ದಿನ ಬಿಳಿ ಪಾರಿವಾಳಗಳು ಹೇಗಿವೆ?" ಗೀದೋ ಆಯುಷ್ಯದಲ್ಲಿ ಒಂದೇ ಒಂದು ಬಿಳಿ ಪಾರಿವಾಳ ಸಾಕಿದವನಲ್ಲ. ಆಕಾಶದಲ್ಲಿ ಗಿಡುಗನ ಕಣ್ಣಿಗೆ ಮೊದಲು ಬೀಳುವುದೇ ಅದು. ಬಿಳಿ ಹಕ್ಕಿ ಮದುವೆಮನೆಯವರಿಗೆ, ಪಾದ್ರಿಗಳಿಗೆ ಎಂದು ಮೂಗು ಮುರಿಯುತ್ತಿದ್ದ. ಅದನ್ನು ಹೇಳಿದ್ದಕ್ಕೆ ತಾಯಿ ರೇಗಿದಳು.

"ಹದಿನಾಲ್ಕು ವರ್ಷ ಗೋಡೆ ನೋಡ್ತಾ ಮಲಗು ನೀನು. ನಿನ್ನ ಮನಸ್ಸೂ ಬದಲಾಗುತ್ತೆ."

"ಮನಸ್ಸು ಬದಲಾಗಲಿ ಮಾ. ಗೂಡಲ್ಲಿದ್ದ ಹಕ್ಕೀ ಬಣ್ಣ ಹೇಗೆ ಬದಲಾಗುತ್ತೆ?"

"ನಿನಗೆ ಯಾವಾಗ್ಲೂ ಕೊಂಕು! ತಮ್ಮ ಮಾತಾಡಿದ್ರೂ ಕೊಂಕು, ಆಡದಿದ್ರೂ ಕೊಂಕು."

ರೋಸೆಟ್‌ಗೂ ಒಳಗೊಳಗೇ ಒಂದು ಆಸೆಯಿತ್ತು. ನಿಜವಾಗಿ ಮಾತಾಡುವವನು ಗೀದೋ ಆಗಿದ್ದರೆ ಒಂದಲ್ಲ ಒಂದು ದಿನ ಏಣಿಯ ಮಾತು ಬಂದೇ ಬರುತ್ತದೆ. ಬೈದರೆ ಬೈಯಲಿ, ಶಾಪ ಹಾಕಿದರೆ ಹಾಕಲಿ. ಅವನ ಮುಂದೆ "ತಪ್ಪಾಯ್ತು" ಎಂದು ಹೇಳಿ, ಅವನಿಂದ ಒಂದು ಉತ್ತರ ಕೇಳಬೇಕು. ಹದಿನಾಲ್ಕು ವರ್ಷದಿಂದ ಅವಳು ಬಯಸಿದ್ದು ಅದೊಂದನ್ನೇ.

ಆ ಮಾತು ಸೆಪ್ಟೆಂಬರ್ ತಿಂಗಳ ಒಂದು ಬುಧವಾರ ಬಂತು. ತಾಯಿ ಎದುರಿಗೇ ಇದ್ದಳು. ಕಾರೀನ್ ಗೀದೋನ ಕೈ ಎತ್ತಿಕೊಂಡು, "ಅಕ್ಕ ಬಂದಿದ್ದಾರೆ ಗೀದೋ. ಅವರಿಗೆ ಏನಾದ್ರೂ ಹೇಳ್ಬೇಕಾ?" ಎಂದಳು. ಪರದೆಯ ಮೇಲೆ ಸಾಲು ಮೂಡಿತು: "ರೋಸೆಟ್, ಏಣಿ ಜಾರಿದಾಗ ನೀನು ಕೊನೆಯವರೆಗೂ ಹಿಡಿದೇ ಇದ್ದೆ. ನನಗೆ ಎಲ್ಲ ನೆನಪಿದೆ. ನಿನ್ನದೇನೂ ತಪ್ಪಿಲ್ಲ."

ಕಾರೀನ್‌ಳ ಕಣ್ಣಲ್ಲಿ ನೀರಿತ್ತು. ತಾಯಿ ತಲೆ ತಗ್ಗಿಸಿ ಕರವಸ್ತ್ರ ಹುಡುಕುತ್ತಿದ್ದಳು. ರೋಸೆಟ್ ಮಾತ್ರ ಆ ಸಾಲನ್ನು ಪದಪದವಾಗಿ ಮತ್ತೆ ಓದಿದಳು. ಅದು ಅವಳೇ ಕಟ್ಟಿದ ಸುಳ್ಳು, ಅಕ್ಷರಕ್ಕೆ ಅಕ್ಷರ ಅವಳದೇ. ಏಣಿಯ ಮೇಲಿದ್ದವನಿಗೆ ನಿಜ ಗೊತ್ತು. ಹಾಗಿದ್ದ ಮೇಲೆ ಈ ಪರದೆಯ ಹಿಂದೆ ಇರುವವನು ಏಣಿಯ ಮೇಲಿದ್ದವನಲ್ಲ. ಇದನ್ನು ಬಾಯಿಬಿಟ್ಟು ಹೇಳೋಣವೆಂದರೆ, ನಿನಗೆ ಹೇಗೆ ಗೊತ್ತು ಎಂದು ತಾಯಿ ಕೇಳುತ್ತಾಳೆ. ಎಂಬತ್ತನಾಲ್ಕರ ಮುದುಕಿಗೆ ಏನೆಂದು ಹೇಳುವುದು? ನಿನ್ನ ಮಗನನ್ನು ಒಂದು ಹ್ಯಾಮ್‌ಗೋಸ್ಕರ ಬೀಳಿಸಿದೆ ಎಂದೇ?

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ರೋಸೆಟ್ ಎರಡು ದಿನ ಯೋಚಿಸಿ ಕ್ಲಬ್ಬಿಗೆ ಹೋದಳು.

ಕ್ಲಬ್ಬಿನ ಕಾರ್ಯದರ್ಶಿ ಪೋಲ್‌ಗೆ ಎಪ್ಪತ್ತೆಂಟು. ಇಪ್ಪತ್ತು ವರ್ಷ ಗೀದೋನ ಗಡಿಯಾರಕ್ಕೆ ಮುದ್ರೆ ಒತ್ತಿದವನು ಅವನೇ, ಆ ಇಪ್ಪತ್ತು ವರ್ಷವೂ ಗೀದೋ ಮೋಸ ಮಾಡುತ್ತಾನೆಂದು ಗುಮಾನಿ ಪಟ್ಟವನೂ ಅವನೇ. ಗೀದೋ ಬಿದ್ದಂದಿನಿಂದ ಪ್ರತಿ ತಿಂಗಳು ತಪ್ಪದೆ ಹೋಗಿ ಅವನಿಗೆ ಪಂದ್ಯದ ಫಲಿತಾಂಶ ಓದಿ ಬರುತ್ತಿದ್ದವನೂ ಅವನೊಬ್ಬನೇ. ಕಥೆ ಕೇಳಿ ಅವನು ಬಿಯರಿನ ಗ್ಲಾಸು ಕೆಳಗಿಟ್ಟ.

"ಪ್ರಶ್ನೆ ಕೇಳೋದು ಅವಳು?"

"ಅವಳೇ."

"ಕೈ ಹಿಡಿಯೋದೂ ಅವಳೇ? ಬರೆದದ್ದನ್ನ ಓದೋದೂ ಅವಳೇ?"

"ಹೂಂ."

"ಅಲ್ಲ ಮಾರಾಯ್ತಿ, ಅವಳ ಹಕ್ಕಿಗೆ ಅವಳೇ ಉಂಗುರ ಹಾಕಿ, ಗಡಿಯಾರಾನೂ ಅವಳ ಮನೇಲೇ ಇಟ್ಕೊಂಡ್ರೆ ಪ್ರತಿ ವಾರ ಅವಳಿಗೇ ಬಹುಮಾನ! ಇದನ್ನ ನೋಡ್ತಾ ಆರು ತಿಂಗಳು ಸುಮ್ನೆ ಕೂತಿದ್ಯಾ? ನಿಮ್ಮಪ್ಪ ಇದ್ದಿದ್ರೆ ನಿನ್ನ ಕಿವಿ ಹಿಂಡ್ತಿದ್ದ."

ಪೋಲ್ ಒಂದು ಬಟ್ಟೆಚೀಲದಲ್ಲಿ ಎಂಟು ವಸ್ತು ತುಂಬಿಕೊಂಡು ಭಾನುವಾರ ಬಂದ. ಚೀಲದಲ್ಲಿ ಏನಿದೆಯೆಂದು ರೋಸೆಟ್‌ಗೂ ಹೇಳಲಿಲ್ಲ. "ನಿನ್ನ ಮೇಲೂ ನಂಬಿಕೆ ಇಲ್ಲ" ಎಂದ. ಅವನು ಒಂದೊಂದೇ ವಸ್ತುವನ್ನು ಗೀದೋನ ಕಣ್ಣ ಮುಂದೆ ಹಿಡಿದು, ಕೈಗೆ ಮುಟ್ಟಿಸಿ, ಹೆಸರು ಹೇಳಬೇಕು. ನಾಲ್ಕು ಸಲ ಕಾರೀನ್ ಹೊರಗಿರಬೇಕು, ನಾಲ್ಕು ಸಲ ಒಳಗಿದ್ದು ನೋಡಬಹುದು. ವಸ್ತು ಚೀಲಕ್ಕೆ ಹೋದ ಮೇಲೆ ಪೋಲ್ ಅದರ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಕೋಣೆ ಬಿಟ್ಟು ಹೋಗುತ್ತಾನೆ, ಕಾರೀನ್ ಗೀದೋನ ಕೈ ಹಿಡಿದು ಬರೆಸುತ್ತಾಳೆ.

ಕಾರೀನ್ ಸಿಟ್ಟಾಗುತ್ತಾಳೆಂದು ರೋಸೆಟ್ ಎಣಿಸಿದ್ದಳು. ಆಕೆ ನಕ್ಕಳು. "ಖಂಡಿತ ಮಾಡಿ. ನಿಮ್ಮ ಅನುಮಾನ ಹೋದ್ರೆ ಗೀದೋಗೂ ನೆಮ್ಮದಿ." ಅವಳು ಕೆಟ್ಟ ಹೆಂಗಸಾಗಿದ್ದರೆ ಎಲ್ಲರಿಗೂ ಎಷ್ಟು ಸುಲಭವಾಗುತ್ತಿತ್ತು! ಹಾಗಿರಲಿಲ್ಲ. ಗೀದೋನ ಗಲ್ಲ ಒರೆಸುವಾಗ ಅವಳ ಕೈಯಲ್ಲಿದ್ದ ಮೃದುತ್ವ ಸುಳ್ಳಾಗಿರಲಿಲ್ಲ.

ತಾಯಿ ಮಾತ್ರ ಕುರ್ಚಿಯ ತುದಿಯಲ್ಲಿ ಕುಳಿತು ಗೊಣಗುತ್ತಿದ್ದಳು. "ಕಳ್ಳನ್ನ ಹಿಡಿಯೋ ಹಾಗೆ ಬಂದಿದ್ದಾರೆ."

ಕಾರೀನ್ ಒಳಗಿದ್ದು ನೋಡಿದ ನಾಲ್ಕು ವಸ್ತುಗಳನ್ನು ಪರದೆ ನಾಲ್ಕಕ್ಕೆ ನಾಲ್ಕೂ ಸರಿಯಾಗಿ ಬರೆಯಿತು. ಚಮಚ, ಬೀಗದ ಕೈ, ಸೇಬು, ಕೈಗಡಿಯಾರ. ಅವಳು ಹೊರಗಿದ್ದಾಗಿನದು ಬೇರೆ ಕಥೆ. ಪೋಲ್ ತೋರಿಸಿದ್ದು ಪಂದ್ಯದ ರಬ್ಬರ್ ಉಂಗುರ; ಪರದೆ "ಹೂವು" ಎಂದಿತು. ಕಾವು ಕೂತ ಹಕ್ಕಿಯ ಕೆಳಗಿಡುವ ಸುಣ್ಣದ ಹುಸಿ ಮೊಟ್ಟೆಗೆ "ಅಮ್ಮನ ಫೋಟೋ" ಎಂದಿತು. ಗಣಿ ಕೂಲಿಗಳ ಸಂಖ್ಯೆ ಕೊರೆದ ಹಿತ್ತಾಳೆ ಬಿಲ್ಲೆಗೆ "ಪುಸ್ತಕ". ಕೊನೆಯದು ಗೀದೋನೇ ಹಿಂದೆ ಬಳಸುತ್ತಿದ್ದ ಕಾಳಿನ ಡಬ್ಬಿ, ಪೋಲ್ ಅದನ್ನು ಅವನ ಕಿವಿಯ ಹತ್ತಿರ ಗಲಗಲ ಅಲ್ಲಾಡಿಸಿದ್ದ. ಪರದೆ ಬರೆಯಿತು: "ನನ್ನನ್ನು ಪರೀಕ್ಷಿಸಬೇಡಿ. ನೋವಾಗುತ್ತದೆ."

ಪೋಲ್ ಒಳಗೆ ಬಂದು ತನ್ನ ಚೀಟಿಯನ್ನೂ ಪರದೆಯನ್ನೂ ಪಕ್ಕಪಕ್ಕ ಇಟ್ಟ. ಕಾರೀನ್ ಎರಡನ್ನೂ ಓದಿದಳು. ಮತ್ತೊಮ್ಮೆ ಓದಿದಳು. ಬಿಳಿಚಿಕೊಂಡಳು.

"ನನ್ನ ಕೈ ಅಲ್ಲ," ಎಂದಳು. "ಎಳೀತಿತ್ತು. ದೇವರಾಣೆ, ಅವರ ಬೆರಳು ಎಳೀತಿತ್ತು."

"ನಂಬ್ತೀನಮ್ಮ," ಎಂದ ಪೋಲ್. ಅವನ ದನಿಯಲ್ಲಿ ಗೆದ್ದವನ ಜಂಬವಿರಲಿಲ್ಲ. "ನನ್ನ ಹಕ್ಕೀನೇ ಮೊದಲು ಬಂತು ಅಂತ ನನಗೂ ಪ್ರತಿ ಭಾನುವಾರ ಅನ್ಸುತ್ತೆ. ಸುಳ್ಳು ಹೇಳಲ್ಲ, ನಿಜವಾಗ್ಲೂ ಹಾಗೇ ಅನ್ಸುತ್ತೆ. ಅದಕ್ಕೇ ಗಡಿಯಾರ ಇರೋದು."

ಕಾರೀನ್ ಪರದೆ ಬಿಚ್ಚಿಕೊಂಡು, ಯಾರ ಮುಖವನ್ನೂ ನೋಡದೆ ಹೋದಳು. ಬಾಗಿಲಲ್ಲಿ ಒಂದು ಕ್ಷಣ ನಿಂತು ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು.

ಇಲ್ಲಿಗೆ ಮುಗಿಯಬೇಕಿತ್ತು. ಪೌಲಿನಾಳನ್ನು ಬಲ್ಲವರಿಗೆ ಗೊತ್ತು, ಅವಳಿಗೆ ಮುಗಿಯುವುದೆಂಬುದೇ ಇಲ್ಲ. "ಅವನಿಗೆ ದಣಿವಾಗಿತ್ತು," ಎಂದಳು. "ಪೋಲ್ ಕಂಡ್ರೆ ಅವನಿಗೆ ಮೊದ್ಲಿಂದ್ಲೂ ಆಗಲ್ಲ, ಬೇಕಂತಲೇ ತಪ್ಪು ಹೇಳಿದ್ದಾನೆ. ಒಳ್ಳೇ ಹಕ್ಕೀನೂ ಒಂದು ದಿನ ದಾರಿ ತಪ್ಪುತ್ತೆ, ಅದನ್ನ ಕತ್ತು ಹಿಸುಕಿ ಸಾಯಿಸ್ತಾರಾ?" ಎಂದಳು. ಕಾರೀನ್‌ಗೆ ಫೋನ್ ಮಾಡು, ಮುಂದಿನ ವಾರ ಬರಲೇಬೇಕು ಎಂದು ಹಟ ಹಿಡಿದಳು. ವಾರವಿಡೀ ಅದೇ ರಾಗ. ರೋಸೆಟ್ ಸಂತೆಯಲ್ಲಿ ಕೋಳಿ ಕತ್ತರಿಸುತ್ತಿದ್ದರೂ ಫೋನು, ಲಾರಿಯಿಂದ ಕೋಳಿ ಇಳಿಸುತ್ತಿದ್ದರೂ ಫೋನು. ಆ ವಾರ ಅವಳು ಯಾರನ್ನೂ ಚಿನ್ನ ಎಂದು ಕರೆಯಲಿಲ್ಲ. ಗಿರಾಕಿಗಳು ತಾವೇನು ತಪ್ಪು ಮಾಡಿದೆವೋ ಎಂದು ಚಿಂತಿಸಿದರು.

ಮುಂದಿನ ಭಾನುವಾರ ಮಧ್ಯಾಹ್ನ ತಾಯಿ ಮಗಳು ಆರೈಕೆ ಮನೆಯ ಕಾಫಿ ಕೋಣೆಯಲ್ಲಿ ಎದುರುಬದುರು ಕುಳಿತರು. ತಟ್ಟೆಯಲ್ಲಿ ಅಕ್ಕಿ ಹಾಲಿನ ಟಾರ್ಟ್. ತಾಯಿ ತನ್ನದನ್ನು ಮುಗಿಸಿ ಮಗಳ ತುಂಡಿಗೆ ಕೈ ಹಾಕಿದ್ದಳು.

"ಫೋನ್ ಮಾಡಿದ್ಯಾ?"

"ಇಲ್ಲ."

"ಯಾಕೆ?"

ಚೀಲದ ಪರೀಕ್ಷೆ ತಾಯಿಗೆ ನಾಟಲಿಲ್ಲ, ಇನ್ನು ಹತ್ತು ಚೀಲ ತಂದರೂ ನಾಟುವುದಿಲ್ಲ. ಸುಳ್ಳಿನ ಮೇಲೆ ಸುಳ್ಳು ಪೇರಿಸುತ್ತ ಇನ್ನೆಷ್ಟು ವರ್ಷ? ತಮ್ಮನ ಬಾಯಿಗೆ ಯಾರೋ ಮಾತು ತುರುಕುವುದನ್ನು ನೋಡುತ್ತ, ತನ್ನ ಮರ್ಯಾದೆ ಉಳಿಯಲೆಂದು ಬಾಯಿ ಮುಚ್ಚಿ ಕುಳಿತರೆ ಅವಳು ಎರಡನೆಯ ಸಲ ಏಣಿ ಬಿಟ್ಟಂತೆಯೇ. ರೋಸೆಟ್ ಎರಡೂ ಕೈಯನ್ನು ಮೇಜಿನ ಮೇಲಿಟ್ಟಳು.

"ಮಾ, ಅದು ಗೀದೋ ಅಲ್ಲ ಅಂತ ನನಗೆ ಪೋಲ್ ಬರೋಕೆ ಮೊದಲೇ ಗೊತ್ತಿತ್ತು."

"ನಿನಗೆ ಹುಟ್ಟಿದಾಗಿಂದ ಎಲ್ಲಾ ಗೊತ್ತು."

"ಏಣಿ ಕೊನೇವರೆಗೂ ಹಿಡ್ಕೊಂಡಿದ್ದೆ ಅಂತ ಬರೀತಲ್ಲ. ನಾನು ಹಿಡ್ಕೊಂಡಿರ್ಲಿಲ್ಲ ಮಾ. ಬಿಟ್ಟುಬಿಟ್ಟೆ. ಹಕ್ಕಿ ಒಳಗೆ ಹೋಯ್ತು, ಗಡಿಯಾರದ ಕೀಲಿ ತಿರುಗಿಸೋಣ ಅಂತ ಓಡಿದೆ. ನೆಲಾನೂ ಒದ್ದೆಯಾಗಿರ್ಲಿಲ್ಲ."

ಪೌಲಿನಾ ಚಮಚದಿಂದ ತಟ್ಟೆಯ ಅಂಚನ್ನು ಕೆರೆಯುತ್ತಿದ್ದಳು. ಕೆರೆಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತು," ಎಂದಳು.

"ಏನು ಗೊತ್ತು?"

"ಆಲೂಗಡ್ಡೆ ಸುಲೀತಾ ಇದ್ದೆ. ಎದುರಿಗೇ ಕಿಟಕಿ. ನೀನು ಓಡಿದ್ದು ನೋಡ್ದೆ. ಆಮೇಲೆ ಅವನು ಬಿದ್ದಿದ್ದೂ ನೋಡ್ದೆ."

ಹದಿನಾಲ್ಕು ವರ್ಷ ರೋಸೆಟ್ ಇದನ್ನು ಯಾರಿಂದ ಮುಚ್ಚಿಟ್ಟಿದ್ದಳೋ ಅವಳೇ ಊರಿಗೆಲ್ಲ ಮಗಳ ಸುಳ್ಳನ್ನು ತನ್ನ ಬಾಯಿಂದ ಹೇಳಿಕೊಂಡು ತಿರುಗಿದ್ದಳು.

"ಹಾಗಿದ್ರೆ ಆ ಸಾಲು ಬಂದಾಗ್ಲೇ ನಿನಗೆ ಗೊತ್ತಾಗಿರ್ಬೇಕಲ್ಲ ಮಾ, ಅದು ಸುಳ್ಳು ಅಂತ!"

"ಗೊತ್ತಾಯ್ತು. ಅದಕ್ಕೇ ನಂಬಿದ್ದು."

"ಅಂದ್ರೆ?"

"ಚಿಕ್ಕಂದಿನಲ್ಲಿ ನೀನು ಗಾಜು ಒಡೆದ್ರೆ ನಾನು ಒಡೆದೆ ಅಂತಿದ್ದೋನು ಯಾರು? ನೀನು ಇಸ್ಕೂಲಿಗೆ ಚಕ್ಕರ್ ಹೊಡೆದ್ರೆ ಅಕ್ಕಂಗೆ ಹೊಟ್ಟೆನೋವು ಅಂತಿದ್ದೋನು ಯಾರು? ಹದಿನಾಲ್ಕು ವರ್ಷ ಆದ್ಮೇಲೆ ಮಾತು ಬಂದಿದೆ, ಬಂದ ಮಾತಲ್ಲಿ ನನ್ನ ಮಗ ಮೊದ್ಲು ಅಕ್ಕನ್ನ ಉಳಿಸ್ತಿದ್ದಾನೆ ಅಂದ್ಕೊಂಡೆ. ಇನ್ಯಾರು ಹೇಳ್ತಾರೆ ಇಂಥ ಸುಳ್ಳು? ಇವನೇ ನನ್ನ ಗೀದೋ ಅಂದ್ಕೊಂಡೆ." ಅವಳ ಚಮಚ ನಿಂತಿತು. "ಆ ಕಥೆ ಕಾರೀನ್‌ಗೆ ಹೇಳಿದ್ದು ನಾನೇ. ಬಂದ ಮೊದಲ ವಾರ, ಇದೇ ಮೇಜಲ್ಲಿ. ಊರಿಗೆ ಹೇಳಿದ್ದನ್ನೇ ಅವಳಿಗೂ ಹೇಳ್ದೆ."

ಹೇಳಿ ಮುಗಿಸಿದ ಮೇಲೆಯೇ ಅವಳಿಗೆ ತಾನು ಹೇಳಿದ್ದು ಕೇಳಿಸಿದ್ದು. ಮುದುಕಿಯ ಮುಖ ನೋಡನೋಡುತ್ತ ಕುಸಿಯಿತು. ಪೋಲ್‌ನ ಎಂಟು ವಸ್ತುಗಳಿಂದ ಆಗದ್ದು ಈಗ ಆಯಿತು. ಪರದೆಯ ಮೇಲೆ ಬಂದದ್ದು ತನ್ನ ಮಾತೇ. ಮಗ ಮಾತಾಡಿರಲಿಲ್ಲ. "ನಾನು ಇಲ್ಲೇ ಇದ್ದೆ" ಎಂದದ್ದೂ ಅವನಲ್ಲ.

"ಹಾಗಾದ್ರೆ ಅವನು ಏನೂ ಹೇಳ್ಲೇ ಇಲ್ವಾ?" ಎಂದು ಮಗುವಿನ ಹಾಗೆ ಕೇಳಿದಳು.

"ಇಲ್ಲ ಮಾ."

ಪಕ್ಕದ ಮೇಜಿನವರು ಸಕ್ಕರೆ ಕೇಳಿದರು, ರೋಸೆಟ್ ಕೊಟ್ಟಳು.

"ಅವನ ಹತ್ರ ತಪ್ಪಾಯ್ತು ಅನ್ಬೇಕು ಅಂತಿದ್ದೆ," ಎಂದಳು ಕೊನೆಗೆ. "ಅವನು ಹೂಂ ಅಂತಾನೋ ಇಲ್ವೋ ಕೇಳ್ಬೇಕಿತ್ತು. ಇನ್ನು ಯಾರನ್ನ ಕೇಳ್ಲಿ?"

"ನನ್ನ ಕೇಳಿದ್ಯಾ?"

ರೋಸೆಟ್ ತಲೆ ಎತ್ತಿದಳು. ತಾಯಿಯ ಕಣ್ಣಲ್ಲಿ ನೀರೂ ಇತ್ತು, ಸಿಡುಕೂ ಇತ್ತು.

"ಹದಿನಾಲ್ಕು ವರ್ಷದಲ್ಲಿ ಒಂದಿನ ನನ್ನ ಕೇಳಿದ್ಯಾ? ಬಿದ್ದಿದ್ದು ನನ್ನ ಮಗ."

"ತಪ್ಪಾಯ್ತು ಮಾ," ಎಂದಳು ರೋಸೆಟ್.

"ಹೂಂ," ಎಂದಳು ಪೌಲಿನಾ. "ಮೊದಲ ನಾಲ್ಕು ವರ್ಷ ನಿನ್ನ ಮುಖ ಕಂಡ್ರೆ ಆಗ್ತಿರ್ಲಿಲ್ಲ. ನೀನು ತಂದ ಕೋಳಿ ಎಲ್ಲಾ ಪಕ್ಕದ ಮನೆ ಇಟಲಿಯೋರಿಗೆ ಕೊಡ್ತಿದ್ದೆ. ಆಮೇಲೆ ಯಾವಾಗ್ಲೋ ಸಿಟ್ಟು ಹೋಯ್ತು. ನಿನಗೆ ಹೇಳೋಕೆ ಆಗ್ಲಿಲ್ಲ. ಹೇಳ್ಬೇಕು ಅಂದ್ರೆ ನೋಡಿದ್ದನ್ನೂ ಹೇಳ್ಬೇಕಿತ್ತಲ್ಲ."

ಅವರು ಎದ್ದು ಗೀದೋನ ಕೋಣೆಗೆ ಹೋದರು. ಅವನು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದ. ಪರದೆ ಇದ್ದ ಜಾಗದಲ್ಲಿ ಎರಡು ತಿರುಪಿನ ಗುರುತು ಉಳಿದಿತ್ತು. ತಾಯಿ ಬಾಚಣಿಗೆ ತೆಗೆದು ಮಗನ ತಲೆ ಬಾಚಲು ನಿಂತಳು. ರೋಸೆಟ್ ಎದುರು ಕುರ್ಚಿ ಎಳೆದುಕೊಂಡು ಕುಳಿತು, ಅವನ ಕೈಯನ್ನು ಎತ್ತದೆ, ಹಿಡಿಯದೆ, ಮೊದಲಿನಿಂದ ಹೇಳಿದಳು. ಹಕ್ಕಿ ಒಳಗಿಳಿದದ್ದು, ತಾನು ಓಡಿದ್ದು, ಕೀಲಿ ತಿರುಗಿಸಿದ್ದು, ಸದ್ದು ಕೇಳಿದ್ದು, ಹ್ಯಾಮ್ ಹಿಡಿದುಕೊಂಡು ಕುಳಿತದ್ದು, ಎಲ್ಲವನ್ನೂ. "ನೀನು ಬಿಡಬೇಡ ಅಂದಿದ್ದೆ, ನಾನು ಬಿಟ್ಟೆ," ಎಂದಳು. ಹೇಳಿ ಕಾದಳು.

ಗೀದೋ ಕಣ್ಣು ಮಿಟುಕಿಸಿದ. ಬೆಳಗಿನಿಂದ ಎಷ್ಟೋ ಸಲ ಮಿಟುಕಿಸಿದ್ದ, ಇದೂ ಅಂಥದೇ ಇರಬಹುದು, ಇಲ್ಲದೆಯೂ ಇರಬಹುದು. ತಾಯಿ ಬಾಚಣಿಗೆ ತಡೆದು ಮಗಳ ಮುಖ ನೋಡಿದಳು.

"ಏನಂದ?" ಎಂದು ಕೇಳಿದಳು.

ಒಂದೇ ಒಂದು ಸುಳ್ಳು ಸಾಕಿತ್ತು, ಇಬ್ಬರಿಗೂ ಸುಖವಾಗುತ್ತಿತ್ತು. ಅದು ರೋಸೆಟ್‌ಳ ನಾಲಗೆಯ ತುದಿಗೂ ಬಂದಿತ್ತು.

"ಗೊತ್ತಿಲ್ಲ ಮಾ," ಎಂದಳು.